ಕೆಂಚಾರ್ಲಹಳ್ಳಿಯ ಹಸಿರು ಗೆರೆ

ಆ ಸೋಮವಾರವೂ ನನ್ನ ಬೆಳಗು ಎಲ್ಲ ಬೆಳಗಿನ ಹಾಗೇ ಶುರುವಾಯಿತು. ಹೊಸಿಲು ತೊಳೆದು ಅರಿಶಿನ ಕುಂಕುಮ ಇಟ್ಟೆ. ಹಾಲು ಕಾಯಿಸಿದೆ. ಯಜಮಾನರ ಡಬ್ಬಿಗೆ ಚಿತ್ರಾನ್ನ, ಮಗಳ ಡಬ್ಬಿಗೆ ಚಪಾತಿ ಪಲ್ಯ. ಎಲ್ಲ ಮುಗಿದ ಮೇಲೆ ಹಿತ್ತಲ ನಲ್ಲಿಯ ಹತ್ತಿರ ಕೂತು, ಹಿಂಡಿ ಉಳಿದ ನಿಂಬೆ ಹೋಳಿನಿಂದ ಬೆರಳುಗಳನ್ನು ಉಜ್ಜಿಕೊಂಡೆ. ಇದು ನನ್ನ ಹಳೆಯ ಅಭ್ಯಾಸ. ಕಾನ್ವೆಂಟಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ಒಬ್ಬರು ನಮ್ಮ ಕೈ ನೋಡುತ್ತಿದ್ದರು. ಉಗುರಿನ ಸಂದಿಯಲ್ಲಿ ಅರಿಶಿನ ಕಂಡರೆ ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಒಂದು ಸಲ ಮುಖ ನೋಡಿ ಮುಂದಕ್ಕೆ ಹೋಗುತ್ತಿದ್ದರು. ಆ ನೋಟಕ್ಕೆ ಹೆದರಿ ಕಲಿತದ್ದು ಮದುವೆಯಾಗಿ ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದರೂ ಬಿಟ್ಟಿರಲಿಲ್ಲ.

ಪಕ್ಕದ ಮನೆಯ ಜುಬೇದಾ ಕಾಂಪೌಂಡಿನ ಆಚೆಯಿಂದ ಕರಿಬೇವಿನ ಕಡ್ಡಿ ಚಾಚುತ್ತಾ ಅಂದಳು: "ಅಕ್ಕಾ, ದಿನಾ ಹಿಂಗ್ ತಿಕ್ಕಿದ್ರೆ ಒಂದಿನ ಬೆರಳೇ ಸವೆದು ಹೋಗುತ್ತೆ ನೋಡಿ."

"ಕೀಬೋರ್ಡು ಹಳದಿ ಆಗುತ್ತಮ್ಮ" ಅಂದೆ.

"ಆಗ್ಲಿ ಬಿಡಿ. ಅದಕ್ಕೇನು ಮದುವೆ ಆಗ್ಬೇಕಾ?"

ನಗುತ್ತಲೇ ಆಫೀಸಿಗೆ ಹೊರಟೆ. ಆ ದಿನ ನಾನು ಒಂದು ಕೇಂದ್ರ ಮುಚ್ಚುವ ಪತ್ರವನ್ನು ನನ್ನ ಕೈಯಾರೆ ಟೈಪ್ ಮಾಡುತ್ತೇನೆಂದು ಗೊತ್ತಿರಲಿಲ್ಲ.

ಈಗ ಇಂಥ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡೇಟಾ, ಡ್ಯಾಶ್‌ಬೋರ್ಡು ಎಂಬ ಮಾತುಗಳು ನಿಮಗೆ ಹುಟ್ಟಿನಿಂದ ಬಂದಂತಿವೆ. ನಾನು ಮಾತ್ರ ಮೂಲತಃ ಮನೆವಾರ್ತೆಯವಳು. ಇಂಗ್ಲಿಷೂ ಟೈಪಿಂಗೂ ಬರುತ್ತಿದ್ದುದರಿಂದ ಚಿಕ್ಕಬಳ್ಳಾಪುರದ ಒಂದು ಖಾಸಗಿ ರೇಷ್ಮೆ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆಯ ಆಫೀಸು. ಕೆಳಗಿನಿಂದ ಬೇವಿನ ಹಿಂಡಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು.

ನಮ್ಮ ಸಂಸ್ಥೆಗೆ ನಾಲ್ಕು ಚಾಕಿ ಕೇಂದ್ರಗಳಿದ್ದವು: ಗೌರಿಬಿದನೂರು, ಪೆರೇಸಂದ್ರ, ಶಿಡ್ಲಘಟ್ಟದ ಕಡೆ ಜಂಗಮಕೋಟೆ, ಚಿಂತಾಮಣಿಯ ಕಡೆ ಕೆಂಚಾರ್ಲಹಳ್ಳಿ. ರೇಷ್ಮೆ ಮೊಟ್ಟೆ ಒಡೆದ ಮೇಲೆ ಮರಿ ಹುಳುಗಳನ್ನು ಎರಡನೇ ಜ್ವರ ದಾಟುವವರೆಗೆ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ, ಅಲ್ಲಿ ಸಾಕಿ ರೈತರಿಗೆ ಕೊಡುತ್ತಿದ್ದರು. ಹುಳು ಒಯ್ದ ಪ್ರತಿ ಮನೆಗೂ ಒಂದು ಕಾರ್ಡು. ರೈತರ ಹೆಸರು, ಹುಳು ಕೊಟ್ಟ ದಿನ, ಎಷ್ಟು ಮೊಟ್ಟೆಯ ಹುಳು, ಕೊನೆಯಲ್ಲಿ ಬಂದ ಗೂಡು ಎಷ್ಟು ಕೆಜಿ. ಗೂಡು ಬಿಡಿಸುವ ವಾರ ಕಾರ್ಡುಗಳು ನಮ್ಮ ವ್ಯಾನಿನಲ್ಲಿ ಆಫೀಸಿಗೆ ಬರುತ್ತಿದ್ದವು. ಅವನ್ನು ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ. ಸೋಮವಾರ ಬೆಳಿಗ್ಗೆ ನಾಲ್ಕು ಕೇಂದ್ರಗಳ ಸರಾಸರಿ ನಾಲ್ಕು ಗೆರೆಗಳಾಗಿ ಪರದೆಯ ಮೇಲೆ ಬರಬೇಕು.

ಸೇರಿದ ಮೊದಲ ವರ್ಷವೇ ಒಂದು ದೊಡ್ಡ ತಪ್ಪು ಮಾಡಿದೆ. ರೈತರ ಹೆಸರುಗಳನ್ನು ಅಕ್ಷರದ ಅನುಕ್ರಮಕ್ಕೆ ತರಲು ಹೋಗಿ ಹೆಸರಿನ ಸಾಲೊಂದನ್ನೇ ಆರಿಸಿ ಗುಂಡಿ ಒತ್ತಿಬಿಟ್ಟೆ. ಹೆಸರುಗಳೆಲ್ಲ ಜಾಗ ಬದಲಿಸಿದವು, ಗೂಡಿನ ತೂಕ ಕೂತಲ್ಲೇ ಕೂತಿತ್ತು. ಜಂಗಮಕೋಟೆಯವರ ಗೂಡೆಲ್ಲ ಗೌರಿಬಿದನೂರಿನವರ ಪಾಲಾಯಿತು. ಮ್ಯಾನೇಜರ್ ರಾಮಚಂದ್ರಯ್ಯನವರು ಅರ್ಧ ಗಂಟೆ ಪರದೆ ನೋಡಿ, "ಶೈಲಜಮ್ಮಾ, ಈ ಜಿಲ್ಲೆಯಲ್ಲಿ ಯಾವ ಕಾಲಕ್ಕೂ ಬರದಷ್ಟು ಗೂಡು ಒಬ್ಬ ಪುಣ್ಯಾತ್ಮನಿಗೆ ಬಂದಿದೆ, ಹೋಗಿ ಹಾರ ಹಾಕಿ ಬರಣ" ಅಂದರು. ಅಷ್ಟೂ ಕಾರ್ಡುಗಳನ್ನು ಮತ್ತೆ ತುಂಬಿದೆ. ಅಂದಿನಿಂದ ಒಂದು ಕಾರ್ಡನ್ನೂ ಎಸೆಯಲಿಲ್ಲ. ಬೂಟಿನ ಖಾಲಿ ಡಬ್ಬಿಗಳಲ್ಲಿ ವಾರದ ಪ್ರಕಾರ ಜೋಡಿಸಿ, ರಿಬ್ಬನ್ ಕಟ್ಟಿ ಇಟ್ಟಿದ್ದೆ. ಅದನ್ನು ಕಂಡು ನಗುತ್ತಿದ್ದವರೂ ಇದ್ದರು.

ರಾಮಚಂದ್ರಯ್ಯನವರು ಒಳ್ಳೆಯವರು, ಆದರೆ ಗೆರೆ ನಂಬುವ ಮನುಷ್ಯ. ಕಂಪ್ಯೂಟರ್ ಬರುವ ಮೊದಲು ಗ್ರಾಫ್ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ತಾವೇ ಗೆರೆ ಎಳೆಯುತ್ತಿದ್ದರಂತೆ. ಗೌರಿಬಿದನೂರು ಕೆಂಪು, ಜಂಗಮಕೋಟೆ ನೀಲಿ, ಪೆರೇಸಂದ್ರ ಕಂದು, ಕೆಂಚಾರ್ಲಹಳ್ಳಿ ಹಸಿರು. ಕಂಪ್ಯೂಟರಿನಲ್ಲೂ ಅದೇ ಬಣ್ಣ ಇರಬೇಕು ಎಂದು ಹಟ ಮಾಡಿ ಹಾಕಿಸಿಕೊಂಡಿದ್ದರು.

ಹಸಿರು ಗೆರೆಗೆ ಒಂದು ವಿಚಿತ್ರ ಗುಣವಿತ್ತು. ಅದು ಕೊನೆಯ ವಾರದಲ್ಲಿ ಯಾವಾಗಲೂ ಕೆಳಕ್ಕೆ ಬಾಗುತ್ತಿತ್ತು. ಮುಂದಿನ ವಾರ ಅದೇ ಜಾಗ ತಾನೇ ಮೇಲೇಳುತ್ತಿತ್ತು, ಹೊಸ ತುದಿ ಮತ್ತೆ ಬಾಗುತ್ತಿತ್ತು. "ನಾಗರತ್ನಮ್ಮನ ಗೆರೆಗೆ ನಾಚಿಕೆ ಜಾಸ್ತಿ" ಎಂದು ಸಾಹೇಬರು ತಮಾಷೆ ಮಾಡುತ್ತಿದ್ದರು. ನಾಗರತ್ನಮ್ಮ ಕೆಂಚಾರ್ಲಹಳ್ಳಿ ಕೇಂದ್ರ ನೋಡಿಕೊಳ್ಳುತ್ತಿದ್ದವರು. ಯಾಕೆ ಹೀಗೆ ಬಾಗುತ್ತದೆ ಎಂದು ನಾವ್ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಸಣ್ಣ ಸಣ್ಣದನ್ನು ಗಮನಿಸುತ್ತೇನೆಂದು ಬೀಗುತ್ತಿದ್ದ ನಾನು.

ಎರಡು ಸಾವಿರದ ದಶಕದ ನಡುವಿನಲ್ಲಿ ನಮ್ಮ ತಂತ್ರಾಂಶ ಬದಲಾಯಿತು. ಅದುವರೆಗೆ ಇದ್ದದ್ದು ನೀಲಿ ಪರದೆ, ಬಿಳಿ ಅಕ್ಷರದ ಹಳೆಯದು. ಬೆಂಗಳೂರಿನಿಂದ ಕಿರಣ್ ಎಂಬ ಎಂಜಿನಿಯರ್ ಬಂದು ಎರಡು ದಿನ ಕೂತು ಹೊಸದನ್ನು ಹಾಕಿ ಹೋದರು. ಅದರ ಜೊತೆಗೆ ಹೊಸ ಕಾರ್ಡುಗಳನ್ನೂ ಅಚ್ಚು ಹಾಕಿಸಿದೆವು. ಬಿಳಿ ರಟ್ಟು, ಬಹಳ ಚೆನ್ನಾಗಿದ್ದವು. ಅದರ ಸಡಗರದಲ್ಲಿ ನಾನು ನಾಲ್ಕೂ ಕೇಂದ್ರಗಳಿಗೆ ಒಂದು ಸುತ್ತೋಲೆ ಕಳಿಸಿದೆ: 'ಕಾರ್ಡುಗಳು ಸ್ವಚ್ಛವಾಗಿರಲಿ. ಎಣ್ಣೆ, ಕಾಫಿ, ಅರಿಶಿನದ ಕಲೆ ಆಗದಂತೆ ನೋಡಿಕೊಳ್ಳಿ.' ಕೆಂಚಾರ್ಲಹಳ್ಳಿಯ ಪ್ರತಿಯಲ್ಲಿ 'ಅರಿಶಿನ' ಎಂಬ ಮಾತಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಅಲ್ಲಿಂದ ಬರುವ ಕಾರ್ಡುಗಳಲ್ಲಿ ಹಳದಿ ಕಲೆ ಇರುತ್ತಿತ್ತು. ಅಡಿಗೆ ಮಾಡುತ್ತಾ ಬರೆಯುತ್ತಾರೆ ಎಂದುಕೊಂಡಿದ್ದೆ.

ಮೂರು ವಾರ ಕಳೆದು ಆ ಸೋಮವಾರ ಬಂತು. ಆಫೀಸಿಗೆ ಹೋಗಿ ಪರದೆ ತೆರೆದರೆ ಕೆಂಪು, ನೀಲಿ, ಕಂದು ಇವೆ. ಹಸಿರು ಮೂರು ವಾರದ ಹಿಂದೆ ನಿಂತುಹೋಗಿದೆ. ಹಿಂದಿನ ಎರಡು ಸೋಮವಾರವೂ ಹಾಗೇ ಇತ್ತು. ಹೊಸದು, ಸರಿಹೋಗುತ್ತದೆ ಎಂದು ಬಿಟ್ಟಿದ್ದೆವು. ಸಾಹೇಬರು ಈ ಸಲ ಬಿಡಲಿಲ್ಲ.

"ಕೇಂದ್ರದಲ್ಲಿ ಏನೂ ನಡೀತಿಲ್ಲ ಶೈಲಜಮ್ಮ. ರೈತರೆಲ್ಲಾ ಬೇರೆ ಕಡೆ ಹೋಗಿದಾರೆ, ಆಯಮ್ಮ ಮುಚ್ಚಿಡ್ತಿದಾರೆ. ಮುಂಚಿಂದ ತುದಿ ಬೀಳ್ತಿತ್ತು, ಈಗ ಗೆರೇನೇ ಬಿತ್ತು."

"ಕಾರ್ಡು ಬಂದಿದೆ ಸಾರ್, ನಾನೇ ತುಂಬಿದೀನಿ."

"ಮತ್ತೆ ಗೆರೆ ಎಲ್ಲಿ? ಮೂರು ಕೇಂದ್ರಕ್ಕೆ ಬರೋದು ಇದೊಂದಕ್ಕೆ ಯಾಕೆ ಬರಲ್ಲ? ಪತ್ರ ಟೈಪ್ ಮಾಡಿ. ಈ ತಿಂಗಳ ಕೊನೆಗೆ ಬೀಗದ ಕೈ ಒಪ್ಪಿಸಬೇಕು ಅಂತ. ನಾಲ್ಕು ಗಂಟೆಗೆ ಸಹಿ ಮಾಡಿ ವ್ಯಾನಿನಲ್ಲಿ ಕಳಿಸ್ತೀನಿ."

ಟೈಪ್ ಮಾಡಿದೆ. ಅಚ್ಚಾದ ಹಾಳೆಯನ್ನು ಡ್ರಾಯರಿನಲ್ಲಿಟ್ಟು, "ಸಾರ್, ನಾಲ್ಕರವರೆಗೆ ನನಗೆ ಬಿಡಿ" ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅದು ಅವರ ಒಪ್ಪಿಗೆ.

ಮೊದಲು ಕಿರಣ್‌ಗೆ ಫೋನ್ ಮಾಡಿದೆ. ಅವರು ದೂರದಿಂದಲೇ ನೋಡಿ ಹೇಳಿದರು: "ಮೇಡಂ, ನಲ್ ಬರ್ತಿದೆ. ಕೆಜಿ ಇರೋ ಜಾಗ ಕೆಲವು ಕಾರ್ಡಲ್ಲಿ ಖಾಲಿ ಇದೆ. ಹಳೇದು ಖಾಲಿ ಬಿಟ್ರೆ ತಾನೇ ಸೊನ್ನೆ ಅಂದ್ಕೊಳ್ತಿತ್ತು. ಹೊಸದು ಹಂಗಲ್ಲ. ಖಾಲಿ ಅಂದ್ರೆ 'ನಂಗೊತ್ತಿಲ್ಲ' ಅಂತ. ಒಂದು ಗೊತ್ತಿಲ್ಲ ಅಂದ್ರೆ ಆ ವಾರದ ಒಟ್ಟೂ ಗೊತ್ತಿಲ್ಲ."

ಮೂರು ವಾರದ ಕಾರ್ಡುಗಳನ್ನು ತೆಗೆದು ನೋಡಿದೆ. ಹದಿನಾಲ್ಕು ಕಾರ್ಡುಗಳಲ್ಲಿ ಕೆಜಿಯ ಜಾಗ ಖಾಲಿ. ಬೇರೆ ಕೇಂದ್ರದವರು ಲೆಕ್ಕ ಪೂರ್ತಿಯಾದ ಮೇಲಷ್ಟೇ ಕಾರ್ಡು ಕಳಿಸುತ್ತಿದ್ದರು. ನಾಗರತ್ನಮ್ಮ ಮಾತ್ರ ಮೊದಲಿನ ನಿಯಮದಂತೆ ಆ ವಾರದ್ದೆಲ್ಲ ಕಳಿಸುತ್ತಿದ್ದರು, ಬಾಕಿ ಇದ್ದುದನ್ನು ಆಮೇಲೆ ಚೀಟಿಯಲ್ಲಿ ತಿಳಿಸುತ್ತಿದ್ದರು. ನಿಯಮ ಪಾಲಿಸಿದ ಒಬ್ಬರ ಗೆರೆಯೇ ಕಾಣೆಯಾಗಿತ್ತು.

"ಒಂದೇ ನಿಮಿಷದ ಕೆಲಸ ಮೇಡಂ. ಖಾಲಿ ಇರೋದೆಲ್ಲಾ ಸೊನ್ನೆ ಮಾಡಿಬಿಡ್ತೀನಿ" ಅಂದರು ಕಿರಣ್.

ಪ್ರಯೋಗಕ್ಕೆ ಮಾಡಿ ನೋಡಿದೆವು. ಹಸಿರು ಗೆರೆ ಬಂತು. ಬಂದು ಎಲ್ಲಕ್ಕಿಂತ ಕೆಳಗೆ, ನೆಲಕ್ಕೆ ಹತ್ತಿಕೊಂಡು ಮಲಗಿತು. ಅದನ್ನು ತೋರಿಸಿದರೆ ಸಾಹೇಬರು ನಾಲ್ಕು ಗಂಟೆಯವರೆಗೂ ಕಾಯುವುದಿಲ್ಲ.

"ಇಲ್ಲಾಂದ್ರೆ ಖಾಲಿ ಇರೋದನ್ನ ಲೆಕ್ಕಕ್ಕೇ ತಗೋಬೇಡ ಅಂತೀನಿ." ಹಾಗೂ ಮಾಡಿದರು. ಈಗ ಹಸಿರು ಗೆರೆ ಜಂಗಮಕೋಟೆಯನ್ನೂ ಮೀರಿ ಮೇಲೆ ಹೋಯಿತು.

"ಇದರಲ್ಲಿ ನಿಜ ಯಾವುದು ಕಿರಣ್?"

"ಅದು ನಿಮಗೇ ಗೊತ್ತಿರ್ಬೇಕು ಮೇಡಂ."

ಈಗ ನಿಮಗೆ ಹೇಳುವಾಗ ಸುಲಭವಾಗಿ ಹೇಳುತ್ತಿದ್ದೇನೆ. ಆ ಹೊತ್ತಿನಲ್ಲಿ ಎರಡನೆಯದನ್ನು ಒಪ್ಪಿಕೊಳ್ಳುವ ಆಸೆ ಬಹಳ ಇತ್ತು. ಒಂದು ಗುಂಡಿ ಒತ್ತಿದರೆ ನಾಗರತ್ನಮ್ಮ ಉಳಿಯುತ್ತಾರೆ. ಯಾರೂ ಕೇಳುವುದಿಲ್ಲ. ಆದರೆ ಸುಳ್ಳು ಗೆರೆ ಒಂದು ವಾರ ನಿಲ್ಲುತ್ತದೆ, ಎರಡು ವಾರ ನಿಲ್ಲುತ್ತದೆ, ಆಮೇಲೆ ಬೀಳುತ್ತದೆ. ಬಿದ್ದಾಗ ಆಯಮ್ಮನ ಮೇಲೇ ಬೀಳುತ್ತದೆ.

ಬೂಟಿನ ಡಬ್ಬಿಗಳನ್ನು ಕೆಳಗಿಳಿಸಿದೆ. ಹಳೆಯ ಕಾರ್ಡುಗಳಲ್ಲಿ ಖಾಲಿ ಬಿಟ್ಟವನ್ನು ಬೇರೆ ಮಾಡಿ ನೆಲದ ಮೇಲೆ ಹರಡಿದೆ. ಆಗ ಕಂಡಿತು. ಹಳದಿ ಕಲೆ ಎಲ್ಲ ಕಡೆ ಇರಲಿಲ್ಲ. ಇದ್ದರೆ ಕೆಜಿಯ ಖಾಲಿ ಜಾಗದ ನಡುಮಧ್ಯೆ, ಉಂಗುರದ ಬೆರಳಿನ ತುದಿಯಷ್ಟು ಗುಂಡಗೆ. ಹಳೆಯ ಲೆಕ್ಕದ ಜೊತೆ ಹೋಲಿಸಿದೆ. ಕಲೆ ಇಲ್ಲದ ಮನೆಗಳಿಗೆಲ್ಲ ಮುಂದಿನ ವಾರದ ಚೀಟಿಯಲ್ಲಿ ತೂಕ ಬಂದಿತ್ತು. ಕಲೆ ಇದ್ದ ಮನೆಗೆ ಒಂದಕ್ಕೂ ಬಂದಿರಲಿಲ್ಲ. ಅದು ಅಡಿಗೆಮನೆಯ ಕಲೆ ಅಲ್ಲ. ಹುಳು ಸತ್ತು ಬೆಳೆ ಹೋದ ಮನೆಯ ಗುರುತು. ಅದನ್ನು ಕಲೆ ಎಂದು ಕರೆದು, ಕೆಂಪು ಗೆರೆ ಎಳೆದು ಅಳಿಸಿಹಾಕಿಸಿದವಳು ನಾನು. ಈಗ ಹೊಸ ಬಿಳಿ ಕಾರ್ಡುಗಳಲ್ಲಿ ಹದಿನಾಲ್ಕು ಖಾಲಿಯೂ ಒಂದೇ ಥರ ಕಾಣುತ್ತಿದ್ದವು.

ಕೆಂಚಾರ್ಲಹಳ್ಳಿಗೆ ಫೋನ್ ಮಾಡಿದೆ. "ನಾಗರತ್ನಮ್ಮಾ, ಯಾವ್ಯಾವ ಮನೆ ಬೆಳೆ ಹೋಗಿದೆ ಹೇಳಿ, ಬರ್ಕೊತೀನಿ."

ಅವರು ದನಿ ತಗ್ಗಿಸಿದರು. "ವದ್ದಮ್ಮಾ, ಬೇಡ. ಒಳಗೆ ಹುಳ ಸೊಪ್ಪು ತಿಂತಾ ಐತೆ, ಅದರ ಮುಂದೆ ಅಂಥ ಮಾತು ಆಡಬಾರದು. ಇಲ್ಲಿ ನಿಂತು ಬಾಯಲ್ಲಿ ಹೇಳಿಸ್ಬೇಡಿ. ಬನ್ನಿ, ತೋರಿಸ್ತೀನಿ."

ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಶಿಡ್ಲಘಟ್ಟ ದಾಟಿ ಚಿಂತಾಮಣಿ, ಅಲ್ಲಿಂದ ಇನ್ನೊಂದು ಬಸ್ಸು. ಬಿಸಿಲು ಆಗಲೇ ಏರುತ್ತಿದ್ದ ದಿನಗಳು. ಕೇಂದ್ರದ ಹೊಸಿಲಲ್ಲಿ ಎಂದಿನಂತೆ ಬ್ಲೀಚಿಂಗ್ ಪುಡಿ ಹರಡಿತ್ತು. ಕೈಕಾಲು ತೊಳೆದು ಒಳಗೆ ಹೋದೆ. ಕತ್ತರಿಸಿದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಟ್ರೇಗಳ ಮೇಲೆ ಮೇಣದ ಕಾಗದ ಒಂದು ಸುಕ್ಕೂ ಇಲ್ಲದೆ ಹಾಸಿತ್ತು. ಏನೂ ನಡೆಯದ ಕೇಂದ್ರ ಹೀಗಿರುವುದಿಲ್ಲ.

ನಾಗರತ್ನಮ್ಮ ಐವತ್ತು ದಾಟಿದವರು, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡೇ ಓಡಾಡುವವರು. ಗೋಡೆಯ ಹಳೆಯ ಕ್ಯಾಲೆಂಡರ್ ಹಾಳೆಯನ್ನು ತಿರುಗಿಸಿ ತೋರಿಸಿದರು. ಹಿಂಬದಿಯಲ್ಲಿ ರೈತರ ಹೆಸರುಗಳು, ಕೆಲವು ಹೆಸರಿನ ಮುಂದೆ ಹಳದಿ ಬೊಟ್ಟು.

"ಕಾರ್ಡಿಗೆ ಬೇಡ ಅಂತ ನೀವೇ ಬರೆದ್ರಲ್ಲ ಮೇಡಮ್ಮ. ದೊಡ್ಡೋರು ಹೇಳಿದ್ಮೇಲೆ ಮಾಡಕ್ಕಾಗುತ್ತಾ? ಇಲ್ಲಿ ಇಟ್ಕೊಂಡೆ."

"ಸೊನ್ನೆ ಬರೀಬಹುದಿತ್ತಲ್ಲ?"

"ಒಂದು ಮನೆ ಹೆಸರಿನ ಮುಂದೆ ಸೊನ್ನೆ ಬರೀತಾರಾ ಯಾರಾದ್ರೂ?" ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಬರೆದ್ರೆ ಅವರ ಮನೇಲಿ ಹುಳ ಅಲ್ಲಿಗೇ ನಿಂತುಹೋಗುತ್ತೆ. ಅರಿಶಿನ ಇಟ್ರೆ, ಈ ಸಲ ಹೋಯ್ತು, ಮುಂದಿನ ಬೆಳೆಗೆ ಬಾ ಅಂತ. ನಮ್ಮತ್ತೆ ಕಾಲದಿಂದ ಹಂಗೇ."

"ಬೊಟ್ಟಿಲ್ಲದೆ ಖಾಲಿ ಬಿಟ್ಟಿರೋದು?"

"ಅವರ ಗೂಡು ಚೆನ್ನಾಗೈತೆ. ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ತೂಕ ಆಗದೆ ಹೆಂಗೆ ಬರೀಲಿ? ಮುಂಚೇನೇ ಇಷ್ಟು ಅಂತ ಬರೆದ್ರೆ ದೃಷ್ಟಿ ಆಗಲ್ವಾ?"

ಹಸಿರು ಗೆರೆಯ ತುದಿ ಯಾಕೆ ಬಾಗುತ್ತಿತ್ತೆಂದು ಆಗ ತಿಳಿಯಿತು. ತೂಕಕ್ಕೆ ಕಾಯುತ್ತಿದ್ದ ಒಳ್ಳೆಯ ಗೂಡನ್ನೆಲ್ಲ ನಮ್ಮ ಹಳೆಯ ತಂತ್ರಾಂಶ ವಾರವಾರವೂ ಸೊನ್ನೆ ಎಂದುಕೊಳ್ಳುತ್ತಿತ್ತು.

ಅವರು ಒಂದು ಬಟ್ಟಲಲ್ಲಿ ಅರಿಶಿನ ಕಲಸಿ ತಂದು ನನ್ನ ಮುಂದಿಟ್ಟರು. "ನೀವೇ ಇಡಿ. ನೀವು ಬೇಡ ಅಂದಿದ್ದು, ನೀವೇ ಇಟ್ರೆ ಸರಿಹೋಗುತ್ತೆ." ಕ್ಯಾಲೆಂಡರಿನ ಹೆಸರುಗಳ ಮೇಲೆ ಸುಮ್ಮನೆ ಬೆರಳಿಟ್ಟು ತೋರಿಸಿದರು. ನಾನು ಆ ಹೆಸರಿನ ಕಾರ್ಡು ಹುಡುಕಿ ಬೊಟ್ಟು ಇಡುತ್ತಾ ಹೋದೆ. ಒಟ್ಟು ಐದು. ಉಳಿದ ಒಂಬತ್ತು ಕಾಯುತ್ತಿರುವವು.

ಹೊರಡುವಾಗ ಅವರು ಬಾಗಿಲಲ್ಲಿ ನಿಂತು ಕೇಳಿದರು: "ವ್ಯಾನ್ ಡ್ರೈವರ್ ಈಗ ಫೋನ್ ಮಾಡಿ ಹೇಳಿದ, ಕೇಂದ್ರ ಮುಚ್ತಾರಂತೆ. ಹೌದಾ ಮೇಡಮ್ಮ?"

ಪತ್ರ ನನ್ನ ಡ್ರಾಯರಿನಲ್ಲಿತ್ತು. "ಇನ್ನೂ ಸಹಿ ಆಗಿಲ್ಲ" ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರು ತಲೆಯಾಡಿಸಿ, ಸೊಂಟದ ಬೀಗದ ಕೈಯನ್ನು ಒಮ್ಮೆ ಮುಟ್ಟಿಕೊಂಡು ಸೊಪ್ಪು ಕತ್ತರಿಸಲು ಹೋದರು.

ಆಫೀಸು ತಲುಪಿದಾಗ ನಾಲ್ಕಕ್ಕೆ ಹದಿನೈದು ನಿಮಿಷ ಇತ್ತು. ಬೊಟ್ಟಿನ ಐದಕ್ಕೆ ಸೊನ್ನೆ ಹೊಡೆದೆ. ಹೊಡೆಯುವಾಗ, ಇದು ಕಂಪ್ಯೂಟರಿನಲ್ಲಿ ಮಾತ್ರ, ಮನೆಗಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಒಂಬತ್ತಕ್ಕೆ 'ಬಾಕಿ' ಎಂದು ಗುರುತು ಹಾಕಿದೆ. ಬಾಕಿ ಇರುವುದನ್ನು ಪಕ್ಕಕ್ಕಿಟ್ಟು ಸೊನ್ನೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಕಿರಣ್ ಫೋನಿನಲ್ಲೇ ಸರಿಮಾಡಿಕೊಟ್ಟರು. ಹಸಿರು ಗೆರೆ ಬಂತು. ಜಂಗಮಕೋಟೆಯ ನೀಲಿಗಿಂತ ಸ್ವಲ್ಪ ಕೆಳಗೆ, ಗೌರಿಬಿದನೂರಿನ ಕೆಂಪಿಗಿಂತ ಮೇಲೆ. ನಡುವಿನ ಒಂದು ವಾರದಲ್ಲಿ ಮಾತ್ರ ಒಂದು ತಗ್ಗು.

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ನಡೆದದ್ದನ್ನೆಲ್ಲ ಹೇಳಿದೆ, ನನ್ನ ಸುತ್ತೋಲೆಯನ್ನೂ ಮುಚ್ಚಿಡಲಿಲ್ಲ.

"ಸುಮಾರಾಗೇ ಇದೆಯಲ್ಲ" ಅಂದರು. ಆಮೇಲೆ ತಗ್ಗಿನ ಮೇಲೆ ಪೆನ್ನಿಟ್ಟರು. "ಇದೇನು?"

ಕಾರ್ಡು ನೋಡಿದೆ. ಐದು ಬೊಟ್ಟಿನಲ್ಲಿ ನಾಲ್ಕು ಮನೆಗಳು ಹುಳು ಒಯ್ದದ್ದು ಒಂದೇ ದಿನ. ಅವರೇ ಎದ್ದು ಹೋಗಿ ವ್ಯಾನಿನ ಪುಸ್ತಕ ತಂದರು. ಹುಳು ಹಂಚಲು ಬೆಳಿಗ್ಗೆ ತಂಪಿನಲ್ಲೇ ಕೆಂಚಾರ್ಲಹಳ್ಳಿಗೆ ಹೋಗಬೇಕಿದ್ದ ವ್ಯಾನು ಆ ದಿನ ಮೊದಲು ಗೌರಿಬಿದನೂರಿಗೆ ಹೋಗಿತ್ತು. ಕೆಂಚಾರ್ಲಹಳ್ಳಿ ಮುಟ್ಟಿದ್ದು ಹನ್ನೆರಡರ ಮೇಲೆ. ಮರಿ ಹುಳುಗಳು ಉರಿಬಿಸಿಲಿನಲ್ಲಿ ರೈತರ ಮನೆ ಸೇರಿದ್ದವು. ಮೊದಲು ಗೌರಿಬಿದನೂರಿಗೆ ಹೋಗು ಎಂದು ಬರೆದಿದ್ದ ಅಕ್ಷರ ಸಾಹೇಬರದೇ. ನಾನು ಅದನ್ನು ಓದಿದೆ, ಅವರೂ ಓದಿದರು. ಅವರು ಪುಸ್ತಕ ಮುಚ್ಚಿಟ್ಟರು.

"ಶೈಲಜಮ್ಮ, ಆ ಪತ್ರ ಎಲ್ಲಿ?"

"ಡ್ರಾಯರಲ್ಲಿದೆ ಸಾರ್."

"ಹಿಂದುಗಡೆ ಖಾಲಿ ಇರುತ್ತಲ್ಲ, ಬರ್ಕೊಳ್ಳಿ. ಹುಳ ಹಂಚೋ ದಿನ ವ್ಯಾನು ಎಂಟು ಗಂಟೆ ಒಳಗೆ ಕೆಂಚಾರ್ಲಹಳ್ಳೀಲಿ ಇರಬೇಕು. ಎರಡನೇದು, ಕಾರ್ಡಿಗೆ ಅರಿಶಿನ ಇಡಬಹುದು." ಒಂದು ಕ್ಷಣ ತಡೆದು, "ಇಡತಕ್ಕದ್ದು ಅಂತ ಹಾಕಿ" ಅಂದರು.

ಆ ಹಾಳೆಯ ಮುಂಬದಿಗೆ ಅಡ್ಡ ಗೀಟು ಹೊಡೆದು, ಹಿಂಬದಿಯದನ್ನು ಟೈಪ್ ಮಾಡಿ ಸಹಿ ಹಾಕಿಸಿ ವ್ಯಾನಿನಲ್ಲಿ ಕಳಿಸಿದೆ. ಮುಂದಿನ ಸಲ ಕಾರ್ಡು ಅಚ್ಚು ಹಾಕಿಸುವಾಗ ಬೊಟ್ಟಿಗೆಂದೇ ಒಂದು ಸಣ್ಣ ವೃತ್ತ ಇಡಿಸಿದೆವು. ನಾಗರತ್ನಮ್ಮ ಮಾದರಿ ನೋಡಿ, "ಇದೂ ಸೊನ್ನೆ ಥರಾನೇ ಐತಲ್ಲಮ್ಮ" ಎಂದು ವಾಪಸ್ ಕಳಿಸಿದರು. ಚೌಕ ಮಾಡಿಸಿದೆವು. ನಾನು ಕೆಲಸ ಬಿಡುವವರೆಗೂ ಆ ಕೇಂದ್ರ ನಡೆಯುತ್ತಿತ್ತು, ಬೀಗದ ಕೈ ಅದೇ ಸೊಂಟದಲ್ಲಿತ್ತು.

ನಿಮ್ಮ ಪರದೆಯಲ್ಲೂ ಒಂದು ದಿನ ಗೆರೆ ನಿಲ್ಲುತ್ತದೆ. ಖಾಲಿ ಕಂಡ ತಕ್ಷಣ ತುಂಬಲು ಹೋಗಬೇಡಿ. ಖಾಲಿ ಬಿಟ್ಟವರು ಯಾರು, ಬಿಡುವಾಗ ಅವರ ಮನಸ್ಸಿನಲ್ಲಿ ಏನಿತ್ತು ಎಂದು ಒಂದು ಸಲ ಹೋಗಿ ಕೇಳಿ. ಎರಡು ಬಸ್ಸು ಬದಲಿಸಬೇಕಾದರೂ ಸರಿ.

ಆ ಸಂಜೆ ಮನೆಗೆ ಬಂದು ಗೇಟಿನ ಚಿಲಕ ತೆಗೆಯುತ್ತಿದ್ದೆ. ಜುಬೇದಾ ಒಣಗಿದ ಬಟ್ಟೆ ಮಡಿಸುತ್ತಾ ಕಾಂಪೌಂಡಿನ ಹತ್ತಿರವೇ ನಿಂತಿದ್ದಳು. ಚಿಲಕದ ಮೇಲಿದ್ದ ನನ್ನ ಕೈ ನೋಡಿದಳು.

"ಏನಕ್ಕಾ ಇದು! ಬೆಳಿಗ್ಗೆ ತಿಕ್ಕಿ ತಿಕ್ಕಿ ತೊಳ್ಕೊಂಡು ಹೋದ್ರಿ, ಈಗ ಬೆರಳೆಲ್ಲಾ ಅರಿಶಿನ. ಕಂಪ್ಯೂಟರ್ ಆಫೀಸಲ್ಲೂ ನಿಮಗೆ ಅಡಿಗೇನೇ ಹಚ್ಚಿದ್ರಾ?"